ಬಿಸಿ ಕೇಕಿಗೆ ಬಿದ್ದ ಬೆಣ್ಣೆ

ನಮ್ಮ ಮನೆಯಲ್ಲಿ ಬಿಸಿ ಪದಾರ್ಥ ಒಲೆಯಿಂದ ತಟ್ಟೆಗೆ ಒಬ್ಬಂಟಿಯಾಗಿ ಬಂದದ್ದನ್ನು ನಾನು ಕಂಡಿಲ್ಲ. ರೊಟ್ಟಿಯಾದರೆ ಬೆಣ್ಣೆ, ಹೋಳಿಗೆಯಾದರೆ ತುಪ್ಪ. ಒಣ ತಿನಿಸು ಬಡಿಸುವುದೆಂದರೆ, ಅವ್ವನ ಪ್ರಕಾರ, ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಂತೆ. ಪತ್ರಿಕೆಗೆ ಅಫಜಲಪುರದ ಸುದ್ದಿ ಕಳಿಸುತ್ತಿದ್ದ ನನಗೆ ಊರಿನ ಒಳಹೊರಗೆಲ್ಲ ಗೊತ್ತೆಂಬ ಜಂಬವಿತ್ತು. ಈ ನಿಯಮ ಕೇಕಿಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಎಂಬತ್ತರ ದಶಕದ ಮಾತು. ತಂಗಿ ಗೌರಿ ಗುಲಬರ್ಗಾದಲ್ಲಿ ಬೇಕರಿ ಕೆಲಸ ಕಲಿತು ಬಂದು, ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಕೇಕಿನ ಅಂಗಡಿ ಇಡುತ್ತೇನೆಂದಳು. ಆ ಕೋಣೆಯಲ್ಲಿ ಅಪ್ಪನ ಶೇಂಗಾ ಚೀಲಗಳು ಸಂಸಾರ ಹೂಡಿದ್ದವು.

“ಮದಲ್ನೇ ಗಿರಾಕಿ ಎರಡ್ನೇ ಸಲ ಬರ್ಲಿ, ಆವಾಗ ಚೀಲ ತೆಗೀತೇನಿ,” ಎಂದ ಅಪ್ಪ.

ಮೊದಲ ಗಿರಾಕಿಯಾಗಿ ಬಂದವರು ಶಾಲೆಯ ಟೀಚರು. ಮಗಳ ಹುಟ್ಟುಹಬ್ಬಕ್ಕೆ ಹಳೇ ಕಾಲದ ಮಸಾಲೆ ಕೇಕು ಬೇಕು, ಮೇಲೆ ಬೆಳ್ಳಗೆ ಕ್ರೀಮು ಇರಬೇಕು ಎಂದರು. ಗೌರಿ ಒಣದ್ರಾಕ್ಷಿಯನ್ನು ಬೆಲ್ಲದ ನೀರಲ್ಲಿ ಕುದಿಸಿದಳು. ಚಕ್ಕೆ, ಲವಂಗ, ಜಾಯಿಕಾಯಿ ಕುಟ್ಟಿದಳು. ಮೊಟ್ಟೆ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಮೊಸರು, ಸೋಡಾ ಬೆರೆಸಿದಳು. ಓವನ್ನೂ ಇರಲಿಲ್ಲ, ದೊಡ್ಡ ಪಾತೇಲಿಯಲ್ಲಿ ಭೀಮಾ ನದಿಯ ಮರಳು ಹಾಸಿ, ನಡುವೆ ಕೇಕಿನ ಡಬ್ಬಿ ಇಟ್ಟು, ಮುಚ್ಚಳದ ಮೇಲೆ ಕೆಂಡ ಹೇರಿದಳು. ಜೋಳದ ರೊಟ್ಟಿಯ ಮನೆಯೊಳಗೆ ಚಕ್ಕೆಯ ಘಮ ಹೊಸ ಅಳಿಯನಂತೆ ಸಂಕೋಚದಿಂದ ಓಡಾಡಿತು.

ಕೇಕು ಚೆನ್ನಾಗಿ ಉಬ್ಬಿತು. ಅದನ್ನು ಆರಲು ಬಿಟ್ಟು, ಬೆಣ್ಣೆ ಸಕ್ಕರೆ ಕಡೆದ ಕ್ರೀಮಿನ ಬೋಗುಣಿಯನ್ನು ಪಕ್ಕದಲ್ಲಿಟ್ಟು, ಗೌರಿ ಮುಖ ತೊಳೆಯಲು ಹೋದಳು. ಅವ್ವ ಆ ಕಡೆಯಿಂದ ಹಾಯ್ದಳು. ಬಿಸಿ ತಿನಿಸು, ಪಕ್ಕದಲ್ಲೇ ಬೆಣ್ಣೆ. ಇನ್ನು ಯೋಚಿಸುವುದೇನಿದೆ?

“ಯವ್ವಾ, ಏನ್ ಮಾಡಿಟ್ಟಿ ಬೇ!”

“ಬೆಣ್ಣಿ ಹಚ್ಚಿನವ್ವ. ಆರಿದ ಮ್ಯಾಲ ಹಚ್ಚಿದ್ರ ಒಳಗ ಇಳೀತದೇನು?”

“ಒಳಗ ಇಳೀಬಾರ್ದಂತನೇ ಆರಾಕ ಇಟ್ಟಿದ್ದೆ!”

ನಾನು ಇಣುಕಿ ನೋಡಿ, ವರದಿಗಾರನ ಗಾಂಭೀರ್ಯದಿಂದ “ಕ್ರೀಮ್ ನಾಪತ್ತೆ” ಎಂದೆ. ಗೌರಿ ನಗಲಿಲ್ಲ. ಅವಳು ನೋಡುತ್ತಿದ್ದುದು ಮುಂದಿನ ಕೋಣೆಯ ಚೀಲಗಳನ್ನು.

ಮತ್ತೆ ಮಾಡಲು ಹೊತ್ತಿರಲಿಲ್ಲ. ಉಳಿದ ಒಣದ್ರಾಕ್ಷಿಯಲ್ಲಿ ಹುಡುಗಿಯ ಹೆಸರು ಜೋಡಿಸಿ, ಟೀಚರಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು: “ಮ್ಯಾಲಿನ ಕ್ರೀಮ್ ಕರಗೇದ್ರಿ. ಬ್ಯಾಡಾದ್ರ ಬಿಡ್ರಿ.”

“ಮಂದಿ ಬಂದು ಕುಂತಾರ, ಕೊಡವ್ವ ತಾಯಿ,” ಎಂದು ಅವರು ಅವಸರದಲ್ಲಿ ಒಯ್ದರು.

ಆ ವಾರವೆಲ್ಲ ಗೌರಿ ಬಾಗಿಲ ಕಡೆ ನೋಡಲಿಲ್ಲ, ನೋಡಿದ್ದು ಅವ್ವ. ಕೊನೆಗೊಂದು ಸಂಜೆ ಟೀಚರು ಬಂದರು.

“ಗೌರಿ, ನಮ್ಮತ್ತಿ ಬರಾಕತ್ತಾರ. ಅಂಥಾದ್ದೇ ಇನ್ನೊಂದು ಮಾಡು. ಬೆಣ್ಣಿ ಒಳಗ ಇಳದಿತ್ತಲ್ಲ, ಅಂಥಾದ್ದು. ಈ ಸಲ ಮ್ಯಾಲೂ ಒಂದಿಷ್ಟು ಇರ್ಲಿ.”

ಅವ್ವ ಸೆರಗು ಸರಿಮಾಡಿಕೊಂಡಳು, ಅಷ್ಟೆ. ಅಪ್ಪ ಎದ್ದು ನಿಂತ. “ಏ ಪೇಪರದಾವ, ಬಾರಲೇ, ಚೀಲಕ್ಕ ಕೈ ಹಚ್ಚು.”

ಅಂದಿನಿಂದ ಗೌರಿಯ ಅಂಗಡಿಯ ಮಸಾಲೆ ಕೇಕಿಗೆ ಎರಡು ಸಲ ಬೆಣ್ಣೆ ಬೀಳುತ್ತಿತ್ತು. ಬಿಸಿ ಇದ್ದಾಗ ಅವ್ವನದು, ಆರಿದ ಮೇಲೆ ಗೌರಿಯದು. ಪತ್ರಿಕೆಯಲ್ಲಿ ತಪ್ಪು ಸುದ್ದಿ ಅಚ್ಚಾದರೆ ಮರುದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ನಾನು ಹಾಕಬೇಕಿದ್ದದ್ದು ಇಷ್ಟು: ಕ್ರೀಮು ನಾಪತ್ತೆಯಾಗಿರಲಿಲ್ಲ, ಒಳಗಿತ್ತು. ಈ ತಿದ್ದುಪಡಿಯನ್ನು ಮಾತ್ರ ನಾನು ಶೇಂಗಾ ಚೀಲ ಹೊತ್ತು ಪ್ರಕಟಿಸಬೇಕಾಯಿತು.