ಪೂಜೆಗೆ ಬಿಚ್ಚಿದ ಮುಚ್ಚಳ

ಮಷೀನಿನ ಬೆಲ್ಟಿನ ಮುಚ್ಚಳವನ್ನು ನಾನು ವಾಪಸ್ ಹಾಕಲಿಲ್ಲ. ನಾಲ್ಕು ಬೋಲ್ಟು ಬಿಗಿಯುವ ಕೆಲಸ. ಅದನ್ನು ಮಾಡದೆ ಬಿಟ್ಟಿದ್ದಕ್ಕೆ ನನ್ನ ತಂಗಿ ಗಂಗಮ್ಮನ ಬಲಗೈ ಬೆರಳುಗಳು ಹೋದವು. ಊರಿನವರು ಇದನ್ನು ಬೇರೆ ರೀತಿ ಕೇಳಿದ್ದರು. ಹಾಗೆ ಹೇಳಿದವನೂ ನಾನೇ.

ಜಗಳೂರು ಕಡೆಯಿಂದ ನಾವಿಬ್ಬರೂ ಬಸವಾಪಟ್ಟಣದಲ್ಲಿ ಬಸ್ಸಿಳಿದಾಗ ಮೊದಲು ಕಂಡದ್ದು ರಸ್ತೆ ಪಕ್ಕ ಗುಡ್ಡದಂತೆ ಬಿದ್ದಿದ್ದ ಅಡಿಕೆ ಸಿಪ್ಪೆ, ಅದರಿಂದ ಏಳುತ್ತಿದ್ದ ಹೊಗೆ.

"ಅಣ್ಣ, ಇಷ್ಟು ಹೊಗೆ ಏಳ್ತಾ ಐತೆ, ಯಾರೂ ನೀರು ಹಾಕ್ತಾ ಇಲ್ಲಲ್ಲೋ" ಎಂದಳು ಗಂಗಿ.

ಒಂದೇ ಜಿಲ್ಲೆ, ಅರ್ಧ ದಿನದ ದಾರಿ, ಆದರೂ ನಮಗೆ ಪರದೇಶ. ನಮ್ಮ ಕಡೆ ಮೆಕ್ಕೆಜೋಳದ ಹೊಲದಾಚೆ ಬಸ್ಸು ಬರುವುದು ದೂರದಿಂದಲೇ ಕಾಣುತ್ತದೆ. ಇಲ್ಲಿ ಮರಗಳ ಸಂದಿನಿಂದ ಬಂದು ಎದುರಿಗೇ ನಿಲ್ಲುತ್ತದೆ. ಅಲ್ಲಿ ಕೊಡ ಹಿಡಿದು ಸರದಿ ನಿಲ್ಲುತ್ತಿದ್ದ ಗಂಗಿ, ಇಲ್ಲಿ ಚಾನೆಲ್ ಕಾಲುವೆಯ ನೀರಲ್ಲಿ ಬಟ್ಟೆ ಒಗೆಯಲು ಕೂತರೆ ಏಳುತ್ತಲೇ ಇರಲಿಲ್ಲ.

ನಮಗೆ ಕೆಲಸ ಸಿಕ್ಕಿದ್ದು ಖೇಣಿ ಮನೆಯಲ್ಲಿ. ಅಡಿಕೆ ಫಸಲು ಮರದಲ್ಲಿದ್ದಾಗಲೇ ದರ ಮಾತಾಡಿ ಹಿಡಿದು, ಕೊಯ್ಯಿಸಿ, ಸುಲಿಸಿ, ಬೇಯಿಸಿ ಮಾರುವುದಕ್ಕೆ ಇಲ್ಲಿ ಖೇಣಿ ಅನ್ನುತ್ತಾರೆ. ಶೆಡ್ಡಿನ ಹಿಂದಿನ ತಗಡಿನ ಕೋಣೆಯೇ ನಮ್ಮ ಮನೆ. ನಾನು ಅಡಿಕೆ ಸುಲಿಯುವ ಮಷೀನು ನೋಡಿಕೊಳ್ಳುತ್ತಿದ್ದೆ, ಗಂಗಿ ಸಿಪ್ಪೆ ಎಳೆದು ಹಾಕುತ್ತಿದ್ದಳು. ಊರಲ್ಲಿ ಮೆಕ್ಕೆಜೋಳ ಬಿಡಿಸುವ ಮಷೀನು ಹೊಲಕ್ಕೆ ಬಂದರೆ ದೊಡ್ಡವರು ಎಲ್ಲರನ್ನೂ ದೂರ ನಿಲ್ಲಿಸಿ ಕೂಗಾಡುತ್ತಾರೆ. ಅಪರೂಪಕ್ಕೆ ಬರುವ ಮಷೀನಿಗೆ ಜನ ಹೆದರುತ್ತಾರೆ. ಇಲ್ಲಿ ಅದರ ಪಕ್ಕದಲ್ಲೇ ಊಟ, ಅದರ ಪಕ್ಕದಲ್ಲೇ ತಲೆ ಬಾಚಿಕೊಳ್ಳುವುದು. ಹೆದರಿಕೆ ಯಾವಾಗ ಹೋಯಿತೋ ತಿಳಿಯಲಿಲ್ಲ.

ಆಯುಧ ಪೂಜೆ ಬಂತು. ಒಳಗಿನ ಚಕ್ರಕ್ಕೂ ವಿಭೂತಿ, ಕುಂಕುಮ ಹಚ್ಚಬೇಕೆಂದು ಬೆಲ್ಟಿನ ಮುಚ್ಚಳ ಬಿಚ್ಚಿ ಗೋಡೆಗೆ ಒರಗಿಸಿದೆ. ಚೆಂಡು ಹೂವಿನ ಹಾರ ಹಾಕಿದೆವು. ಮಾರನೇ ದಿನ ಸ್ಪಾನರ್ ಹಿಡಿದು ಹೋದಾಗ, ಕಾಯಿ ಆರಿಸುವ ನಾಗಕ್ಕ ತಡೆದಳು.

"ಏನಪ್ಪ ತಿಪ್ಪೇಶ, ಮದುಮಗಳ ಮುಖ ಮುಚ್ಚಾಕೆ ಹೊಂಟಿಯಾ? ಇನ್ನೊಂದೆರಡು ದಿನ ನೋಡಾನ ಬಿಡು."

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕು ಸ್ಪಾನರ್ ಕೆಳಗಿಟ್ಟೆ. ಪೂಜೆ ಮಾಡಿದ್ದನ್ನು ಕೂಡಲೇ ಮುಚ್ಚಬಾರದೆಂದು ನನಗೆ ನಾನೇ ಹೇಳಿಕೊಂಡೆ. ಕಾಯಿ ಲೋಡುಗಟ್ಟಲೆ ಬಂದು ಬೀಳುತ್ತಿತ್ತು. ಹಾರ ಬಾಡಿ ಉದುರಿತು. ಮಷೀನು ಓಡುತ್ತಲೇ ಇತ್ತು, ಮುಚ್ಚಳ ಗೋಡೆಗೇ ಒರಗಿತ್ತು.

"ಅಣ್ಣ, ಅದನ್ನ ಯಾವಾಗ ಹಾಕ್ತಿ?" ಎಂದು ಗಂಗಿ ಕೇಳಿದಳು.

"ನೀನು ಸಿಪ್ಪೆ ನೋಡ್ಕ" ಎಂದು ಗದರಿದೆ.

ಒಂದು ಮಧ್ಯಾಹ್ನ ಅವಳು ಸಿಪ್ಪೆ ಎಳೆಯಲು ಬಗ್ಗಿದಾಗ ವೇಲು ಬೆಲ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಕೈ ಹಾಕಿದಳು. ನಾನು ಓಡಿ ಸ್ವಿಚ್ಚು ಆರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಾವಣಗೆರೆ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. "ವೇಲು ಕಟ್ಕಳೇ ಅಂತ ಎಷ್ಟು ಹೇಳಿದ್ರೂ ಕೇಳಲ್ಲ ಸಾರ್" ಎಂದೆ. ಒಂದು ಸಲವೂ ನಾನು ಅವಳಿಗೆ ಹಾಗೆ ಹೇಳಿರಲಿಲ್ಲ. ಪಕ್ಕದಲ್ಲೇ ಮಲಗಿದ್ದ ಗಂಗಿ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು.

ಮಾರನೇ ದಿನ ಶೆಡ್ಡಿಗೆ ಬಂದು ಮುಚ್ಚಳ ಹಾಕಿದೆ. ನಾಲ್ಕೇ ಬೋಲ್ಟು. ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ.

ಗಂಗಿ ಊರಿಗೆ ಹೋದಳು. ನಾನು ಇಲ್ಲೇ ಉಳಿದೆ. ಶೆಡ್ಡಿನಲ್ಲೂ ಊರಿನಲ್ಲೂ ವೇಲಿನ ಮಾತನ್ನೇ ಹೇಳಿದ್ದೆ. ಅಲ್ಲಿ ಅವಳನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಎಡಗೈಯಲ್ಲಿ ಎಲ್ಲ ಕೆಲಸ ಕಲಿತಳು, ಆದರೂ ಎಚ್ಚರ ಇಲ್ಲದ ಹುಡುಗಿ ಅನ್ನುತ್ತಿದ್ದರು. ಇಲ್ಲಿ ನಾನು ಜಗಳೂರಿನವನು, ಅಲ್ಲಿ ಬಸವಾಪಟ್ಟಣದವನು. ಎರಡೂ ಕಡೆ ಜನ ನನ್ನ ಮಾತು ನಂಬಿದ್ದರು. ಅದಕ್ಕೇ ಎರಡೂ ಕಡೆ ನನಗೆ ನಿಲ್ಲಲು ಆಗುತ್ತಿರಲಿಲ್ಲ.

ಉಗಾದಿಗೆ ಊರಿಗೆ ಹೋದೆ. ಗಂಗಿ ಬಾಗಿಲಲ್ಲಿ ಕೂತು ಎಡಗೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಓಣಿಯ ಹೆಂಗಸರು ಕಟ್ಟೆಯ ಮೇಲಿದ್ದರು.

"ಅಣ್ಣ, ಬೇಜಾರು ಮಾಡ್ಕಬ್ಯಾಡ" ಎಂದಳು. "ನಾನು ವೇಲು ಕಟ್ಕಂಡಿದ್ರೆ ನಿನ್ನ ಮಷೀನಿಗೆ ಕೆಟ್ಟ ಹೆಸ್ರು ಬರ್ತಿರ್ಲಿಲ್ಲ."

"ಈಗ್ಲಾದ್ರೂ ಬುದ್ಧಿ ಬಂತಲ್ಲವ್ವ" ಎಂದಳು ಕಟ್ಟೆಯ ಮೇಲಿನ ಅಜ್ಜಿ.

ನನ್ನ ಸುಳ್ಳಿನಿಂದ ತಪ್ಪು ತನ್ನದೇ ಎಂದು ಅವಳೂ ನಂಬಿಬಿಟ್ಟಿದ್ದಳು. ಅವಳೆದುರು ನೆಲದ ಮೇಲೆ ಕೂತು, ಕಟ್ಟೆಯವರಿಗೂ ಕೇಳುವಂತೆ ಹೇಳಿದೆ:

"ವೇಲಿನ ಮಾತು ಸುಳ್ಳು. ಮಷೀನಿನ ಮುಚ್ಚಳ ಬಿಚ್ಚಿದ್ದು ನಾನು, ಹಾಕದೆ ಬಿಟ್ಟಿದ್ದೂ ನಾನು. ನೀನು ಕೇಳಿದ್ದೆ, ನಾನೇ ಗದರಿಸ್ದೆ. ನಂದು ತಪ್ಪಾತು ಗಂಗಿ."