ಹೇಮಪ್ಪನ ಮಗ್ಗದ ಡಬ್ಬಿ

ಲಕ್ಷ್ಮೇಶ್ವರದ ಅಸ್ಮಾ, ಗದಗಿನ ನೇತ್ರಾ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಎಂಜಿನಿಯರಿಂಗ್ ಮುಗಿದ ಮೇಲೆ ಬೆಟಗೇರಿಯಲ್ಲಿ ಖೋಲಿ ಹಿಡಿದು, ಇಬ್ಬರೂ ಸೇರಿ ವಿದ್ಯುತ್ ಮಗ್ಗಕ್ಕೆ ಒಂದು ಪುಟ್ಟ ಡಬ್ಬಿ ಮಾಡಿದರು. ಬಟ್ಟೆಯ ಉದ್ದಕ್ಕೆ ಓಡುವ ಹಾಸಿನ ಎಳೆ ಹರಿದರೆ ಅದರೊಳಗಿನ ಸೆನ್ಸರ್ ಸುದ್ದಿ ಕೊಡಬೇಕು, ಪ್ರೊಸೆಸರ್ ಕೂಡಲೇ ಮಗ್ಗ ನಿಲ್ಲಿಸಬೇಕು.

ಬ್ಯಾಟರಿ ಮೇಲೆ ನಡೆಯುವ ಡಬ್ಬಿ. ಕೆಲಸವಿಲ್ಲದಾಗ ಪ್ರೊಸೆಸರ್ ಮಲಗುತ್ತದೆ. ಬರೀ ತೂಕಡಿಸುತ್ತಿದ್ದರೆ ಕರೆದ ಕೂಡಲೇ ಏಳುತ್ತದೆ, ಆದರೆ ಬ್ಯಾಟರಿ ತಿನ್ನುತ್ತದೆ. ಗಾಢ ನಿದ್ದೆಗೆ ಬಿಟ್ಟರೆ ಬ್ಯಾಟರಿ ಉಳಿಯುತ್ತದೆ, ಆದರೆ ಎದ್ದು ಸಾವರಿಸಿಕೊಳ್ಳುವಷ್ಟರಲ್ಲಿ ಸೆನ್ಸರಿನ ಸುದ್ದಿ ಬಂದು ಹೋಗಿರುತ್ತದೆ. ಸೆನ್ಸರಿನ ಮಾತನ್ನು ಪ್ರೊಸೆಸರಿಗೆ ಮುಟ್ಟಿಸುವ ಡ್ರೈವರ್ ಪ್ರೋಗ್ರಾಮ್ ಬರೆದವಳು ಅಸ್ಮಾ. ಮಗ್ಗ ಓಡುವಾಗ ಗಾಢ ನಿದ್ದೆಗೆ ಹೋಗಕೂಡದೆಂದು ಅದರಲ್ಲಿ ಒಂದು ಸಾಲು ಹಾಕಿದ್ದಳು. ಮಗ್ಗ ನಿಂತ ಮೇಲೆ ಎಷ್ಟಾದರೂ ಮಲಗಲಿ.

ಬೇಸಿಗೆಯಿಡೀ ನೇಕಾರ ಹೇಮಪ್ಪನ ಮಗ್ಗದ ಪಕ್ಕ ಕೂತು ಅದನ್ನು ಪರೀಕ್ಷಿಸಿದ್ದಳು. ಹೇಮಪ್ಪನ ಹೆಂಡತಿ ಚನ್ನಮ್ಮ ಆಕೆಗೆ ಉಣ್ಣಿಸದೆ ಕಳಿಸುತ್ತಿರಲಿಲ್ಲ.

ಶ್ರಾವಣದಲ್ಲಿ ಗದಗಿನ ಸೀರೆ ವ್ಯಾಪಾರಿಯೊಬ್ಬ ತನ್ನ ನೇಕಾರರಿಗೆಲ್ಲ ಡಬ್ಬಿ ಬೇಕೆಂದ. ಆದರೆ ಬ್ಯಾಟರಿ ತಿಂಗಳಿಗೇ ಮುಗಿಯಬಾರದು.

“ಮಗ್ಗ ಓಡುವಾಗ ಎಚ್ಚರ ಇರಬೇಕಂದ್ರ ಅದಕ್ಕಿಂತ ಹೆಚ್ಚು ಬಾಳಂಗಿಲ್ಲ,” ಅಂದಳು ಅಸ್ಮಾ.

“ಆತು ಬಿಡು,” ಅಂದಳು ನೇತ್ರಾ. ಮಾತು ಅಲ್ಲಿಗೇ ಮುಗಿಯಿತೆಂದು ಅಸ್ಮಾ ತಿಳಿದಳು.

ದಸರೆ ಕಳೆದ ಮೇಲೆ ಹೇಮಪ್ಪ ಇಬ್ಬರನ್ನೂ ಕರೆಸಿದ. ಎಳೆ ಹರಿದರೂ ಮಗ್ಗ ನಿಂತಿರಲಿಲ್ಲ. ಸೀರೆಯ ಉದ್ದಕ್ಕೂ ಎಳೆ ತಪ್ಪಿದ ಗೆರೆ ಬಿದ್ದಿತ್ತು.

“ನಿಮ್ಮ ಡಬ್ಬಿ ಮ್ಯಾಲೆ ಭಾರ ಹಾಕಿ ಉಣ್ಣಾಕ ಕುಂತಿದ್ದೆ,” ಅಂದ ಹೇಮಪ್ಪ.

ಅಸ್ಮಾ ಬಾಯಿ ತೆರೆಯುವ ಮೊದಲೇ ನೇತ್ರಾ ಅಂದಳು: “ಡ್ರೈವರ್ ಬರದಾಕಿ ಅಸ್ಮಾ ರೀ. ಆಕಿನ್ನ ಕೇಳ್ರಿ.”

ಅಸ್ಮಾಗೆ ಮುಖ ಎತ್ತಲಾಗಲಿಲ್ಲ. ತನ್ನದೇ ತಪ್ಪಿರಬೇಕು ಅನ್ನಿಸಿತು. “ನೋಡ್ತೀನಿ ಕಾಕಾ,” ಎಂದು ಡಬ್ಬಿ ಬಿಚ್ಚಲು ಕೂತಳು. ನೇತ್ರಾ ಕೆಲಸವಿದೆಯೆಂದು ಹೊರಟುಹೋದಳು.

“ಕಾಕೂ, ಬ್ಯಾಟರಿ ಯಾವಾಗ ಬದಲಿಸಿದ್ರಿ?”

“ಶ್ರಾವಣದಾಗ ನೇತ್ರಾ ಬಂದು ಡಬ್ಬಿ ಬಿಚ್ಚಿ ಏನೋ ಮಾಡಿ, ಹೊಸಾದು ಹಾಕಿ ಹೋದಳಲ್ಲ,” ಅಂದಳು ಚನ್ನಮ್ಮ. “ಅದs ಇನ್ನೂ ಐತಿ. ಭಾಳ ಛಲೋ ಬ್ಯಾಟರಿ ನೋಡವಾ.”

ಅಸ್ಮಾಳ ಕೈ ನಿಂತಿತು. ಅಷ್ಟು ದಿನ ಆ ಬ್ಯಾಟರಿ ಬಾಳಲು ಸಾಧ್ಯವೇ ಇರಲಿಲ್ಲ, ಪ್ರೊಸೆಸರ್ ಮಗ್ಗ ಓಡುವಾಗಲೂ ಗಾಢವಾಗಿ ಮಲಗಿರದ ಹೊರತು.

ಡಬ್ಬಿ ಹಿಡಿದುಕೊಂಡು ಸೀದಾ ಖೋಲಿಗೆ ಹೋದಳು. ನೇತ್ರಾ ವ್ಯಾಪಾರಿಗೆ ಕೊಡಬೇಕಾದ ಡಬ್ಬಿಗಳನ್ನು ಜೋಡಿಸುತ್ತಿದ್ದಳು.

“ನನ್ನ ಸಾಲು ತಗದೀಯೇನು?”

ನೇತ್ರಾ ತಲೆ ಎತ್ತಲಿಲ್ಲ. “ಒಂದs ಸಾಲು. ವ್ಯಾಪಾರಿ ಕೈತಪ್ಪಿ ಹೋಗತಿದ್ದ.”

“ನನಗ ಹೇಳಬೇಕಾಗಿತ್ತಲ್ಲ?”

“ಹೇಳಿದ್ರ ನೀ ಒಪ್ಪತಿದ್ದೇನು?”

“ಒಪ್ಪತಿದ್ದಿಲ್ಲ. ಅದು ಹೋಗಲಿ. ಖರೆ ಗೊತ್ತಿದ್ದೂ ಕಾಕಾನ ಮುಂದ ನನ್ನ ಹೆಸರು ಹೆಂಗ ಹೇಳಿದಿ?”

ನೇತ್ರಾ ಇನ್ನೊಂದು ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದಳು. ಬೈದಿದ್ದರೂ ಅಸ್ಮಾಗೆ ಅಷ್ಟು ನೋವಾಗುತ್ತಿರಲಿಲ್ಲ.

ಮರುದಿನ ಅಸ್ಮಾ ಹೇಮಪ್ಪನ ಡಬ್ಬಿಗೆ ತನ್ನ ಪ್ರೋಗ್ರಾಮನ್ನೇ ತಿರುಗಿ ತುಂಬಿಕೊಂಡು ಹೋಗಿ, ನಡೆದದ್ದನ್ನೆಲ್ಲ ಹೇಳಿದಳು. ಹೇಮಪ್ಪ ಕೊನೆತನಕ ಕೇಳಿಸಿಕೊಂಡ.

“ಸಾಲು ಯಾರ ತಗದ್ರೇನವಾ, ಬರುವಾಗ ಇಬ್ಬರೂ ಕೂಡೇ ಬಂದಿದ್ರಿ,” ಅಂದ. “ಇನ್ನ ನಾನs ಕಣ್ಣಿಟ್ಟು ನೇಯ್ತೀನಿ.”

ಡಬ್ಬಿಯನ್ನು ಆಕೆಯ ಕೈಗೇ ತಿರುಗಿ ಕೊಟ್ಟ. ಚನ್ನಮ್ಮ ಒಳಗಿನಿಂದ ಹೊರಗೆ ಬರಲಿಲ್ಲ.

ಅಸ್ಮಾ ಖೋಲಿಯ ಕೀಲಿಯನ್ನು ನೇತ್ರಾಳ ಮನೆಯಲ್ಲಿ ಕೊಟ್ಟು ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಈಗ ಕೊರ್ಲಹಳ್ಳಿ ಕಡೆಯ ಹೊಳೆದಂಡೆಯ ಪಂಪುಗಳಿಗೆ ಕಂಟ್ರೋಲರ್ ಮಾಡಿಕೊಡುತ್ತಾಳೆ. ಒಬ್ಬಳೇ. ಜೊತೆಗೂಡಿ ಕೆಲಸ ಮಾಡೋಣ ಎಂದವರಿಗೆ ಚಹಾ ಕೊಟ್ಟು, ಬೇರೆ ಮಾತು ತೆಗೆಯುತ್ತಾಳೆ.