ಕೆಚ್ಚಿನ ಆಚೆಗೆ ಒಂದು ಗೇಣು

ಹೋದ ತಿಂಗಳು ನಮ್ಮ ಫ್ಯಾಕ್ಟರಿಗೆ ಅಪರೂಪಕ್ಕೆ ಅಪ್ಪಟ ರೇಷ್ಮೆಯ ಸ್ಯಾಂಪಲ್ ಬಂತು. ಬೊಮ್ಮಸಂದ್ರದ ಈ ಗಾರ್ಮೆಂಟ್ಸಿನಲ್ಲಿ ನಾನು ಚೆಕ್ಕಿಂಗ್ ಟೇಬಲ್ಲಿಗೆ ನಿಂತು ಇಪ್ಪತ್ತು ವರ್ಷ ದಾಟಿತು. ಕೈಗೆ ಸಿಗುವುದೆಲ್ಲ ಹತ್ತಿ, ಇಲ್ಲವೇ ಪಾಲಿಯೆಸ್ಟರ್. ಅವತ್ತು ಪಕ್ಕದ ಟೇಬಲ್ಲಿನ ಹುಡುಗಿ ಆ ರೇಷ್ಮೆಯ ಮೇಲೆ ಹಬೆಯ ಇಸ್ತ್ರಿ ಒತ್ತಿದಳು. ಬುಸ್ಸೆಂದು ಎದ್ದ ಹಬೆಯಲ್ಲಿ ಒಂದು ವಾಸನೆ ಬಂತು ನೋಡಿ, ಒದ್ದೆ ರೇಷ್ಮೆಯದು, ಅರ್ಧ ಗಂಜಿಯ ಹಾಗೆ, ಅರ್ಧ ಹುಳುವಿನ ಹಾಗೆ. ಹುಡುಗಿ ಮೂಗು ಮುಚ್ಚಿಕೊಂಡು ಮುಖ ಸಿಂಡರಿಸಿದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅದು ನಮ್ಮನೆಯ ವಾಸನೆ ಕಣೇ, ಮೂಗು ಬಿಡು ಎಂದು ರೇಗಿಬಿಟ್ಟೆ. ಪಾಪ, ಅವಳಿಗೇನು ಗೊತ್ತು. ಲೈನಿನಲ್ಲಿ ನನ್ನನ್ನು ಮೆಣಸಿನಕಾಯಿ ಅಕ್ಕ ಎನ್ನುತ್ತಾರೆ, ಅವತ್ತು ಅವರಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಆನೇಕಲ್ಲಿನ ನೇಕಾರರ ಬೀದಿಯಲ್ಲಿತ್ತು ನಮ್ಮ ಮನೆ. ನಡುಮನೆಯ ಅರ್ಧವನ್ನು ಮಗ್ಗವೇ ನುಂಗಿತ್ತು. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಅಪ್ಪ ಕೂತರೆ ಸೊಂಟದಿಂದ ಮೇಲಷ್ಟೇ ಕಾಣುತ್ತಿದ್ದ. ನನ್ನಪ್ಪ ಕುಳ್ಳ ಎಂದೇ ಬಹಳ ದಿನ ನಂಬಿದ್ದೆ. ಅಪ್ಪನ ತಾಯಿ, ನನ್ನ ಅಜ್ಜಿ, ಗೋಡೆಗೊರಗಿ ರಾಟೆ ತಿರುಗಿಸುತ್ತ ಲಾಳಿಯೊಳಗೆ ಕೂರುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಉಣ್ಣುವುದು, ಮಲಗುವುದು, ನಾನು ಪಾಠ ಓದುವುದು ಎಲ್ಲವೂ ಮಗ್ಗ ಬಿಟ್ಟುಕೊಟ್ಟ ಜಾಗದಲ್ಲಿ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಲಾಳಿಯ ಸಟಕ್ ಸಟಕ್ ಕಿವಿಗೆ ಬೀಳುತ್ತಿತ್ತು, ಅದು ಕೇಳದ ದಿನ ಯಾರಿಗೋ ಹುಷಾರಿಲ್ಲ ಎಂದೇ ಅರ್ಥ. ನಿಮ್ಮ ಮನೆಯಲ್ಲೂ ಇಂಥದೊಂದು ಸದ್ದು ಇದ್ದಿರಬೇಕು, ನಿಂತ ಮೇಲಷ್ಟೇ ಅದಿತ್ತೆಂದು ತಿಳಿಯುವಂಥದು.

ಅಮ್ಮನ ಕೆಲಸ ಕೆಚ್ಚುವುದು. ಮಗ್ಗದ ಉದ್ದಕ್ಕೂ ಬಿಗಿದು ಕಟ್ಟುವ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿದಾಗ ಅದನ್ನು ಪೂರ್ತಿ ಬಿಚ್ಚುತ್ತಿರಲಿಲ್ಲ. ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಲ್ಲಿ ಗೇಣುದ್ದ ನೂಲು ಉಳಿಸಿ ಸೀರೆ ಕತ್ತರಿಸುತ್ತಿದ್ದರು. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ಎಳೆಗೆ ಹೊಸೆದು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಮ್ಮ ತಟ್ಟೆಯಲ್ಲಿ ಒಲೆಯ ಬೂದಿ ಇಟ್ಟುಕೊಂಡು, ಬೆರಳಿಗೆ ಮುಟ್ಟಿಸಿ, ಎರಡೆಳೆ ಹಿಡಿದು ಒಂದು ತಿರುವು ತಿರುವಿದರೆ ಮುಗಿಯಿತು, ಅದೇ ಕೆಚ್ಚು. ಹೀಗೆ ಸಾವಿರಾರು ಎಳೆ. ಹಾಗಾಗಿ ನಮ್ಮ ಮಗ್ಗ ಯಾವತ್ತೂ ಬರಿದಾಗಿರಲಿಲ್ಲ. ಅಜ್ಜಿ ಅದನ್ನೇ ಹೇಳಿಕೊಂಡು ಬೀಗುತ್ತಿದ್ದಳು, ತಾನು ಮದುವೆಯಾಗಿ ಬಂದಾಗ ಮಗ್ಗದ ಮೇಲಿದ್ದ ನೂಲಿಗೇ ಇದೆಲ್ಲ ಸೇರಿಕೊಂಡು ಬಂದಿದೆ ಎಂದು. ಹಣಿಗೆಗೆ ಮತ್ತೆ ಎಲ್ಲ ಎಳೆ ಪೋಣಿಸಲಾರದ ಸೋಮಾರಿತನಕ್ಕೆ ಮಾಡಿಕೊಂಡ ಉಪಾಯ ಅದು ಎಂದು ಅಪ್ಪ ಅವಳನ್ನು ಕಿಚಾಯಿಸುತ್ತಿದ್ದ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಹಿಂದಿನ ಬೀದಿಯಲ್ಲಿ ಪವರ್‌ಲೂಮ್ ಶೆಡ್ಡುಗಳು ಎದ್ದವು. ನಮಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುತ್ತಿದ್ದ ಸಾವ್ಕಾರರು ಮೊದಲು ತಡಮಾಡಿದರು, ಆಮೇಲೆ ಮುಖವನ್ನೇ ತೋರಿಸಲಿಲ್ಲ. ಅಪ್ಪ ಶೆಡ್ಡಿಗೆ ಕೆಲಸಕ್ಕೆ ಹೋದ. ಅಮ್ಮ ಹೊಸೂರು ರಸ್ತೆಯ ಗಾರ್ಮೆಂಟ್ಸಿನ ವ್ಯಾನು ಹತ್ತಿದಳು. ಮಗ್ಗ ಹಣಿಗೆಯಲ್ಲಿ ಒಂದು ಗೇಣು ಅರಿಶಿನ ಬಣ್ಣದ ನೂಲು ಕಚ್ಚಿಕೊಂಡು ಸುಮ್ಮನೆ ಕೂತಿತ್ತು. ಒಂದು ಭಾನುವಾರ ಊಟಕ್ಕೆ ಕೂತಾಗ ಅಪ್ಪ ವಿಷಯ ತೆಗೆದ. ಮಗ್ಗ ಕೇಳಿಕೊಂಡು ಯಾರೋ ಬಂದಿದ್ದರಂತೆ. ರಾಯಚೂರು ಕಡೆಯ ಗಂಡಹೆಂಡತಿಗೆ ನಡುಮನೆಯನ್ನು ಬಾಡಿಗೆಗೆ ಕೊಡುತ್ತೇನೆಂದು ಮಾತೂ ಕೊಟ್ಟಾಗಿತ್ತಂತೆ. ದೀಪಾವಳಿ ಕಳೆದ ಮಾರನೇ ದಿನವೇ ಅವರು ಬರುತ್ತಾರಂತೆ. ಅಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಬಡಿಸುವ ಸೌಟು ಕೆಳಗಿಟ್ಟು ಹೇಳಿದಳು:

"ಕೊಡಿ, ಬೇಡ ಅನ್ನಲ್ಲ. ಆದ್ರೆ ಈ ಮಗ್ಗದಲ್ಲಿ ಇಷ್ಟು ಸೀರೆ ಇಳಿದ್ವಲ್ಲ, ಒಂದಾದ್ರೂ ಈ ಮನೇಲಿದ್ಯಾ? ಒಂದು ಸೀರೆ ನಮಗೆ ಅಂತ ಇಳೀಲಿ. ಆಮೇಲೆ ಹೊತ್ಕೊಂಡೋಗ್ಲಿ."

ಅಪ್ಪ ಅನ್ನ ಕಲಸುತ್ತ ಕೂತ. ನೂಲಿಗೆ ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದ. ತನ್ನ ಸಂಬಳ ಇದೆಯಲ್ಲ ಎಂದಳು ಅಮ್ಮ. ಆ ಕ್ಷಣದಿಂದ ದೀಪಾವಳಿಯವರೆಗೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಆ ಸಂಬಳವೇ ತಪ್ಪಿಹೋಗುವುದರಲ್ಲಿತ್ತು. ಅಮ್ಮನನ್ನು ಹೆಲ್ಪರ್ ಎಂದು ತೆಗೆದುಕೊಂಡು ಕೈಗೆ ಪುಟ್ಟ ಕತ್ತರಿ ಕೊಟ್ಟು, ಹೊಲಿದ ಶರಟುಗಳಲ್ಲಿ ನೇತಾಡುವ ದಾರದ ತುದಿಗಳನ್ನು ಕತ್ತರಿಸಲು ಕೂರಿಸಿದ್ದರು. ಹದಿನೈದು ವರ್ಷ ಎಳೆಗೆ ಎಳೆ ಸೇರಿಸಿದ ಕೈ ಅದು. ಕಾಲರಿನ ಹತ್ತಿರ ಎರಡು ತುದಿ ಜೋಲಾಡುವುದು ಕಂಡರೆ ಬೆರಳು ತಾನಾಗಿಯೇ ಹೋಗಿ ಅವೆರಡನ್ನೂ ಹೊಸೆದುಬಿಡುತ್ತಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಒಂದು ಕಟ್ಟು ಶರಟು ಹಾಗೆಯೇ ಮುಂದೆ ಹೋಗಿ, ಚೆಕ್ಕಿಂಗಿನಲ್ಲಿ ಸಿಕ್ಕಿಬಿದ್ದು ವಾಪಸ್ಸು ಬಂತು. ಸೂಪರ್‌ವೈಸರ್ ಎಲ್ಲರೆದುರು ಬೈದ, ನಾಳೆಯೂ ಹೀಗಾದರೆ ಗೇಟಿನ ಹೊರಗೆ ಎಂದ. ಅವತ್ತು ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಹಳೇ ಗೋಣಿಚೀಲವೊಂದನ್ನು ಎಳೆದು ತಂದಳು. ಅದರ ಅಂಚಿನ ನಾರುಗಳನ್ನು ಒಂದೊಂದಾಗಿ ಕತ್ತರಿಸುತ್ತ ಕೂತಳು. ಏನಮ್ಮ ಇದು ಎಂದೆ.

"ಕಲ್ಕೊತಿದೀನಿ. ಅಲ್ಲಿ ಕತ್ತರಿಸ್ತೀನಿ, ಇಲ್ಲಿ ಸೇರಿಸ್ತೀನಿ. ಎರಡೂ ಇದೇ ಕೈ ಮಾಡ್ಬೇಕು ಕಣೇ."

ಮಾಡಿತು ಆ ಕೈ. ಕೆಲಸ ಉಳಿಯಿತು, ಎರಡು ತಿಂಗಳಲ್ಲಿ ಗಿಳಿಹಸಿರು ನೂಲು ಬಂತು. ಒಂದೇ ಸೀರೆಗಾಗುವಷ್ಟು ಗಿಡ್ಡ ಹಾಸು ಕೇಳಿದ್ದಕ್ಕೆ ಹಾಸು ಹಾಕುವಾತ ನಕ್ಕನಂತೆ, ಗೊಂಬೆಗೆ ಉಡಿಸೋಕಾ ಅಮ್ಮ ಎಂದನಂತೆ. ಹಬ್ಬಕ್ಕೆ ತಿಂಗಳಷ್ಟೇ ಉಳಿದಿತ್ತು, ಅಮ್ಮನಿಗೆ ಭಾನುವಾರ ಬಿಟ್ಟರೆ ಬಿಡುವಿಲ್ಲ. ಒಂದು ಭಾನುವಾರ ಪೂರ್ತಿ ಕೆಚ್ಚಿದರೂ ಅರ್ಧ ಹಾಸು ಹಾಗೇ ಇತ್ತು. ಇನ್ನೊಂದು ಭಾನುವಾರಕ್ಕೆ ಕಾದರೆ ನೇಯಲು ದಿನ ಸಾಲದು ಎಂದು ಅಪ್ಪ ಲೆಕ್ಕ ಹೇಳಿದ. ಅಮ್ಮ ಬೂದಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಅಜ್ಜಿ ರಾಟೆ ನಿಲ್ಲಿಸಿ ನೋಡಿದಳು. "ಎದರ್ಕೋಬ್ಯಾಡ ಕಣವ್ವ, ನೂಲೇ ಯೋಳ್ಕೊಡ್ತದೆ," ಎಂದಳು. ಸುಳ್ಳು. ನೂಲು ಏನನ್ನೂ ಹೇಳಿಕೊಡಲಿಲ್ಲ. ಮೊದಲ ದಿನ ಹೊಸೆದದ್ದೆಲ್ಲ ಎಳೆದರೆ ಬಿಟ್ಟುಹೋಗುತ್ತಿತ್ತು. ಅತ್ತುಕೊಂಡೇ ಮತ್ತೆ ಹೊಸೆದೆ. ನಾಲ್ಕು ದಿನ ಸ್ಕೂಲಿಗೆ ಚಕ್ಕರ್ ಹೊಡೆದು, ಬೆನ್ನು ಹಿಡಿದುಕೊಂಡು, ಉಳಿದ ಅರ್ಧವನ್ನು ಮುಗಿಸಿದೆ. ನನ್ನ ಕೆಚ್ಚುಗಳು ಅಕ್ಕಿನುಚ್ಚಿನಂತೆ ದಪ್ಪದಪ್ಪ. ಅಮ್ಮ ಸಂಜೆ ಬಂದು ಬೆರಳಾಡಿಸಿ ನೋಡಿ, ಹಣಿಗೆ ದಾಟಿದರೆ ಸಾಕು ಎಂದಳು. ಹೊಗಳಿಕೆ ಅಷ್ಟೇ.

ಅದು ನಿಮ್ಮ ಹಟ, ನನಗೆ ಸಂಬಂಧವಿಲ್ಲ ಎನ್ನುತ್ತಿದ್ದ ಅಪ್ಪ ಮಾರನೇ ಬೆಳಿಗ್ಗೆ ಶೆಡ್ಡಿಗೆ ಹೋಗುವ ಮುಂಚೆ ಸುಮ್ಮನೆ ಗುಂಡಿಗಿಳಿದ. ಸಟಕ್ ಎಂದಿತು ಲಾಳಿ. ಎಷ್ಟು ತಿಂಗಳ ಮೇಲೆ! ಬಚ್ಚಲಲ್ಲಿದ್ದ ಅಮ್ಮ ಒದ್ದೆ ಮುಖದಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು. ನನ್ನ ಕೆಚ್ಚುಗಳು ಒಂದೊಂದಾಗಿ ಹಣಿಗೆ ದಾಟುವಾಗ ನಾನು ಮಗ್ಗದ ಮೇಲೆ ಬಗ್ಗಿ ಎಣಿಸುತ್ತಿದ್ದೆ. ಏಳೋ ಎಂಟೋ ಬಿಟ್ಟವು, ಅಪ್ಪ ಬೈಯದೆ ಸರಿಮಾಡಿಕೊಂಡ. ದೀಪಾವಳಿಯ ಹಿಂದಿನ ದಿನ ಸೀರೆ ಮುಗಿಯಿತು. ಅರಿಶಿನ ಕುಂಕುಮ ಹಚ್ಚಿ ಅಪ್ಪ ಬ್ಲೇಡು ತೆಗೆದುಕೊಂಡ. ಯಾವಾಗಲೂ ಸೆರಗಿನ ತುದಿಯಲ್ಲಿ ಕೆಚ್ಚಿದ ಭಾಗವನ್ನು ಕತ್ತರಿಸಿ ಎಸೆಯುವುದು ರೂಢಿ, ಮಾರುವ ಸೀರೆಯಲ್ಲಿ ಅದು ಇರುವಂತಿಲ್ಲ. ಅಮ್ಮ ಅವನ ಕೈ ಹಿಡಿದಳು.

"ಅಲ್ಲಿ ಬೇಡ. ಕೆಚ್ಚಿನ ಆಚೆ ಕತ್ತರ್ಸಿ. ಹಳೇದೂ ಇರ್ಲಿ."

ಹಾಗೆ ಹಸಿರು ಸೆರಗಿಗೆ ಅರಿಶಿನ ಬಣ್ಣದ ಗೇಣುದ್ದ ಎಳೆಗಳು ನೇತಾಡುತ್ತ ಉಳಿದವು. ಅಪ್ಪ ಇನ್ನೊಂದು ತುದಿಯನ್ನು ಕತ್ತರಿಸುವಾಗ ಹಣಿಗೆಯಲ್ಲಿ ಗೇಣುದ್ದ ಹಸಿರು ನೂಲು ಬಿಟ್ಟ. ಇನ್ನೊಂದು ಹಾಸು ಬರುವುದಿಲ್ಲ ಎಂಬುದು ಆ ಹೊತ್ತಿಗೆ ಅವನಿಗೆ ಮರೆತುಹೋಗಿತ್ತು. ನಾವ್ಯಾರೂ ನೆನಪಿಸಲಿಲ್ಲ. ಹಬ್ಬ ಕಳೆದು ಮಗ್ಗ ಕೊಂಡವರು ಆ ನೂಲಿನ ಸಮೇತ ಬಿಚ್ಚಿ ಟೆಂಪೋಗೆ ಹೇರಿದರು, ಗುಂಡಿಗೆ ಮಣ್ಣು ತುಂಬಿ ಸಿಮೆಂಟು ಬಳಿದೆವು. ಅಜ್ಜಿ ಬಹಳ ದಿನ ಆ ಜಾಗವನ್ನು ಸುತ್ತಿಕೊಂಡೇ ಓಡಾಡುತ್ತಿದ್ದಳು.

ಒಂದು ಆಯುಧಪೂಜೆಗೆ ಅಮ್ಮ ಆ ಸೀರೆ ಉಟ್ಟು ಫ್ಯಾಕ್ಟರಿಗೆ ಹೋದಳು. ಅದೇ ಸೂಪರ್‌ವೈಸರ್ ಒಳ್ಳೆಯ ಮನಸ್ಸಿನಿಂದಲೇ, ದಾರ ನೇತಾಡ್ತಿದೆಯಲ್ಲಮ್ಮ ಎಂದು ಕತ್ತರಿ ಹಿಡಿದು ಬಂದನಂತೆ. ಮುಟ್ಟಬೇಡಿ ಸಾರ್ ಎಂದಳಂತೆ, ಅಷ್ಟೇ. ಇದನ್ನು ಸಾಯುವತನಕ ಹೇಳಿಕೊಂಡು ನಗುತ್ತಿದ್ದಳು.

ಈಗ ಆ ಮನೆ ಇಲ್ಲ, ಅಲ್ಲಿ ನಾಲ್ಕಂತಸ್ತಿನ ಬಾಡಿಗೆ ರೂಮುಗಳಿವೆ. ಅಜ್ಜಿ, ಅಪ್ಪ ಹೋದರು, ಅಮ್ಮ ಹೋಗಿ ಮೂರು ವರ್ಷ. ಅವತ್ತು ನೆಂಟರೆಲ್ಲ ಅವಳ ಮೈಮೇಲೆ ಆ ರೇಷ್ಮೆ ಹೊದಿಸಿ ಕಳಿಸೋಣ ಎಂದರು. ನಾನು ಬೀರುವಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೊಡುವುದಿಲ್ಲ ಎಂದೆ. ಕಲ್ಲು ಹೃದಯದವಳು ಎಂದರು, ಅನ್ನಲಿ. ಮನೆಯಲ್ಲಿ ಉಳಿಯಲಿ ಎಂದೇ ಅವಳು ಅದನ್ನು ಇಳಿಸಿದ್ದು.

ಇಸ್ತ್ರಿಯ ಹಬೆ ಮೂಗಿಗೆ ಬಡಿದ ಆ ಸಂಜೆ ಚಂದಾಪುರದ ನನ್ನ ಮನೆಗೆ ಬಂದವಳೇ ಬೀರು ತೆಗೆದೆ. ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು, ಹಸಿರು ಮುಗಿದು ಹಳದಿ ಶುರುವಾಗುವಲ್ಲಿ ಕಣ್ಣುಮುಚ್ಚಿ ಬೆರಳಾಡಿಸಿದೆ. ದಿನವಿಡೀ ಬಟ್ಟೆಯ ತಪ್ಪು ಹುಡುಕುವ ಬೆರಳು ನನ್ನದು. ನಾನು ಕೆಚ್ಚಿದವು ಇವತ್ತಿಗೂ ನುಚ್ಚಿನಂತೆ ಒಂದೊಂದಾಗಿ ಸಿಕ್ಕಿದವು, ನಡುವೆ ಅಲ್ಲಲ್ಲಿ ಬಿಟ್ಟೂ ಹೋಗಿದ್ದವು. ಅರ್ಧ ದಾಟಿದ ಮೇಲೆ ಕೈಗೆ ಏನೂ ಸಿಗಲಿಲ್ಲ, ಎಷ್ಟು ಸಲ ತಡವಿದರೂ ಬರೀ ನುಣುಪು. ಹಳದಿ ಎಳೆಗಳನ್ನು ಹಿಡಿದು ಮೆಲ್ಲಗೆ ಎಳೆದು ನೋಡಿದೆ. ಅಮ್ಮನದು ಒಂದೂ ಬಿಟ್ಟಿರಲಿಲ್ಲ.